ಹೊಗೆ ಬಿಟ್ಟವರು

"ಹೊಗೆ ಬಿಟ್ಟಿದ್ದೀರಾ ತಾತ?" ಎಂದು ಕೇಳಿದಳು ಹುಡುಗಿ.

"ಬುಟ್ಟಿವ್ನಿ ಕಣವ್ವ," ಎಂದ ಬೋರಪ್ಪ.

"ದಿನಾ ಬುಡ್ತಾರೆ," ಎಂದಳು ಅವನ ಹೆಂಡತಿ ಕೆಂಪಕ್ಕ. ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲೂ ಇಲ್ಲ. "ಸಾಯಂಕಾಲಾದ್ರೆ ಮಾಡಿ ಮ್ಯಾಕೆ ಹೋಗಿ ಬುಟ್ ಬತ್ತಾರೆ. ಬರ್ಕೊ ತಾಯಿ ಅಂಗೇಯ."

ಹುಡುಗಿಯ ಪೆನ್ನು ಕಾಗದದ ಮೇಲೆ ತಡೆಯಿತು. ತಪ್ಪು ಅವಳದಲ್ಲ. ಬಾಯಿಂದ ಹೊರಗೆ ಬಿಟ್ಟರೂ ಹೊಗೆ ಬಿಟ್ಟಂತೆ, ಬೇಡವೆಂದು ತೊರೆದರೂ ಹೊಗೆ ಬಿಟ್ಟಂತೆ. ಕನ್ನಡ ಎರಡಕ್ಕೂ ಒಂದೇ ಮಾತು ಕೊಟ್ಟು ಕೈತೊಳೆದುಕೊಂಡಿದೆ. ಜಗಲಿಯ ಆ ತುದಿಯಲ್ಲಿ ಪೇಪರ್ ಹಿಡಿದು ಕೂತಿದ್ದ ಮಗ ಯೋಗೀಶ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಬೇರೆ ದಿನವಾಗಿದ್ದರೆ ಈ ಶ್ಲೇಷೆಯನ್ನು ಒಂದು ವಾರ ಎಲ್ಲ ತರಗತಿಗಳಿಗೂ ಹಂಚುತ್ತಿದ್ದ. ಇವತ್ತು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿಕೊಂಡ.

ಹುಡುಗಿಯ ಹೆಸರು ಪ್ರಿಯಾಂಕ. ನರ್ಸಿಂಗ್ ಓದುವವಳು. ಮಧುಗಿರಿಯಲ್ಲಿ ಯಾರು ಯಾರು ಸೇದುತ್ತಾರೆ, ಯಾಕೆ ಸೇದುತ್ತಾರೆ ಎಂದು ತಿಳಿಯಲು ಅವಳ ಕಾಲೇಜಿನವರು ಬೀದಿಗೊಬ್ಬರಂತೆ ಮಕ್ಕಳನ್ನು ಕಳಿಸಿದ್ದರು. ಭಾನುವಾರವಾದ್ದರಿಂದ ಗಂಡಸರೂ ಮನೆಯಲ್ಲಿ ಸಿಗುತ್ತಾರೆಂಬುದು ಅವರ ಲೆಕ್ಕ.

"ಯಾರು ಕಲಿಸಿದ್ದು ತಾತ? ಸ್ನೇಹಿತರಾ, ಮನೇಲಿ ಯಾರಾದ್ರೂ ಸೇದ್ತಿದ್ರಾ, ಇಲ್ಲಾ ಕೆಲಸದ ಟೆನ್ಷನ್ನಾ?"

"ಕಲ್ಸೋಕೆ ಅದೇನ್ ಮಗ್ಗಿನೇನವ್ವ?" ಎಂದ ಬೋರಪ್ಪ. "ಬಸ್ ಓಡುಸ್ತಿದ್ದೆ. ಸಿರಾದಿಂದ ಮದ್ಗಿರಿ, ಮದ್ಗಿರಿಯಿಂದ ಪಾವ್ಗಡ. ಮದ್ಯಾನ ಉಂಡ್ಮ್ಯಾಕೆ ಕಣ್ಣು ಎಳ್ಯೋದು. ಹಿಂದ್ಗಡೆ ಅಷ್ಟ್ ಜನ ನನ್ ನಂಬ್ಕೊಂಡು ಗೊರ್ಕೆ ಹೊಡಿತಿದ್ರು. ನಾನೂ ಹೊಡುದ್ರೆ? ಅದ್ಕೇ ಬೀಡಿ."

"ಈಗ್ಯಾವ ಬಸ್ ಓಡುಸ್ತಿದೀಯ?" ಎಂದಳು ಕೆಂಪಕ್ಕ.

"ಬುಟ್ಟಿವ್ನಿ ಅಂತ ಯೋಳ್ದ್‌ನಲ್ಲೇ."

"ಯಾವ ಬುಡೋದು ಅಂತ ಕೇಳ್ತಾ ಅವ್ಳೆ ಹುಡ್ಗಿ." ಸುಲಿದ ಕಾಳಿನ ಪಾತ್ರೆ ಎತ್ತಿಕೊಂಡು ಕೆಂಪಕ್ಕ ಹಿತ್ತಲಿಗೆ ಹೋದಳು.

ಈ ಎರಡು ತಿಂಗಳಲ್ಲಿ ಬೋರಪ್ಪ ಎದುರಾಡದಿರುವುದನ್ನು ಕಲಿತಿದ್ದ.

ದಸರೆಗೆ ಮುಂಚೆ ಮೊಮ್ಮಗಳು ಭುವನಾಳಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದರು. ಮನೆಯಲ್ಲಿ ಹೊಗೆ ಕೂಡದು ಎಂದರು ಡಾಕ್ಟರು. ಅಂದೇ ಬೋರಪ್ಪ ಬೀಡಿ ಕಟ್ಟನ್ನು ಆಸ್ಪತ್ರೆಯ ಕಸದ ಡಬ್ಬಕ್ಕೆ ಹಾಕಿ, ಮಗುವಿನ ತಲೆಯ ಮೇಲೆ ಕೈಯಿಟ್ಟು, ಸಿದ್ದರಬೆಟ್ಟದ ಸಿದ್ದೇಶ್ವರನ ಹೆಸರು ಹೇಳಿ ಆಣೆ ಮಾಡಿದ. ಅದಕ್ಕೂ ಮೊದಲು ಅವನು ಬಿಟ್ಟದ್ದುಂಟು. ಬಿಟ್ಟ ಸಲಕ್ಕೆಲ್ಲ ಹಿಡಿದದ್ದೂ ಉಂಟು. ಆದರೆ ಮಗುವಿನ ತಲೆ ಮುಟ್ಟಿರಲಿಲ್ಲ. ಈ ಸಲ ಮುಟ್ಟಿದ್ದ, ಈ ಸಲ ನಿಜವಾಗಿಯೂ ಬಿಟ್ಟಿದ್ದ. ನಂಬುವವರು ಮಾತ್ರ ಮನೆಯಲ್ಲಿ ಉಳಿದಿರಲಿಲ್ಲ.

ಉಳಿಯದಂತೆ ನೋಡಿಕೊಂಡವನು ಪೇಪರಿನ ಹಿಂದೆ ಕೂತಿದ್ದ.

ಯೋಗೀಶ ಸೇದುವುದು ಸಿಗರೇಟು. ಕಾಲೇಜು ಮುಗಿಸಿ ಬಂದವನು ಹೊರಗಿನ ಮೆಟ್ಟಿಲು ಹತ್ತಿ ಮಹಡಿಯ ಮೇಲಿನ ನೀರಿನ ಟ್ಯಾಂಕಿನ ಮರೆಗೆ ಹೋಗುತ್ತಿದ್ದ. ಎದುರಿಗೆ ಏಕಶಿಲೆಯ ಬೆಟ್ಟ ಬೋಳು ಬೆನ್ನು ತೋರಿಸಿ ನಿಂತಿರುತ್ತಿತ್ತು. ಅದೊಂದೇ ಅವನ ಗುಟ್ಟು ಬಲ್ಲದ್ದು. ಸೇದಿ, ಟ್ಯಾಂಕಿನ ನಲ್ಲಿಯಲ್ಲಿ ಕೈ ತೊಳೆದು, ಏಲಕ್ಕಿ ಜಗಿಯುತ್ತ ಕೆಳಗಿಳಿಯುವ. ಮಗಳು ಬಂದು ಕಾಲಿಗೆ ಸುತ್ತಿಕೊಂಡು, "ಅಪ್ಪ, ನೀನು ಪಾಯಸದ ವಾಸ್ನೆ," ಎನ್ನುವಳು.

ಒಂದು ಸಂಜೆ ಒಣಗಿದ ಬಟ್ಟೆ ತೆಗೆಯಲೆಂದು ಹೆಂಡತಿ ಲಾವಣ್ಯ ಅರ್ಧ ಮೆಟ್ಟಿಲು ಹತ್ತಿ ಬಂದಳು. ಮೂಗಿಗೆ ಹೊಗೆ ಬಡಿಯಿತು. "ಯಾರದು ಮೇಲೆ?" ಎಂದಳು.

ಯೋಗೀಶನಿಗೆ ಮಾತು ಬರಲಿಲ್ಲ, ಕೆಮ್ಮು ಬಂತು. ತನ್ನದಲ್ಲ, ಅಪ್ಪನದು. ಎರಡು ಗಿಡ್ಡ, ಒಂದು ಉದ್ದ, ಉದ್ದದ ಬಾಲಕ್ಕೊಂದು ಸೀಟಿ, ಕೊನೆಗೆ "ಸಿವ್ನೇ" ಎಂಬ ನಿಟ್ಟುಸಿರು. ಓದುವ ಕಾಲದಿಂದಲೂ ಮಿಮಿಕ್ರಿ ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸಿದ, ಲಾವಣ್ಯಳ ಮುಂದೆ ಮಾತ್ರ ಎಂದೂ ಮಾಡದ ಕೆಮ್ಮು ಅದು. ಕಣ್ಣು ಮುಚ್ಚಿ ಕೇಳಿದರೆ ಬೋರಪ್ಪನೇ.

"ಥೂ, ಮಾವ," ಎಂದಳು ಲಾವಣ್ಯ. ಹಾಗೇ ಕೆಳಗಿಳಿದು ಹೋದಳು.

ಆ ಹೊತ್ತಿಗೆ ಬೋರಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಕ್ಷೌರದಂಗಡಿಯಲ್ಲಿ ಗಲ್ಲ ಒಡ್ಡಿ ಕೂತಿದ್ದ. ನುಣ್ಣಗೆ ಮುಖ ಸವರಿಕೊಳ್ಳುತ್ತ ಮನೆಗೆ ಬಂದವನಿಗೆ ಸೊಸೆಯ ಬೈಗುಳ ಕಾದಿತ್ತು. ಮೆಟ್ಟಿಲು ಮನೆಯ ಹೊರಗೇ ಇದ್ದದ್ದರಿಂದ ಯಾರು ಯಾವಾಗ ಹತ್ತಿದರು, ಇಳಿದರು ಎಂದು ಕಂಡವರಿರಲಿಲ್ಲ. "ನಾನಲ್ಲ ಕಣವ್ವ," ಎಂದ. "ನನ್ನ ಕಿವಿಗೇನು ಬಂದಿದೆ ಮಾವ?" ಎಂದಳು ಲಾವಣ್ಯ.

ಮೊದಲ ಸಲ ಯೋಗೀಶನಿಗೆ ಅದು ಬಾಯಿ ತಪ್ಪಿ ಬಂದದ್ದು. ಆಮೇಲಾಮೇಲೆ ಬಾಯಿಪಾಠವಾಯಿತು.

ಚಳಿಗಾಲ ಬಂತು, ಮಗುವಿಗೆ ಮತ್ತೆ ಉಬ್ಬಸ ಶುರುವಾಯಿತು. ಹೊಗೆಯಿಂದ ಎಂದಳು ಲಾವಣ್ಯ. ಆಣೆ ಮುರಿದದ್ದಕ್ಕೆ ಎಂದಳು ಕೆಂಪಕ್ಕ. ದಾರಿ ಬೇರೆಯಾದರೂ ಇಬ್ಬರೂ ಬಂದು ನಿಂತದ್ದು ಬೋರಪ್ಪನ ಮಂಚದ ಮುಂದೆ. ಅದುವರೆಗೆ ಭುವನಾ ಮಲಗುತ್ತಿದ್ದದ್ದು ಆ ಮಂಚದಲ್ಲೇ, ತಾತನ ಹೊಟ್ಟೆಯನ್ನು ಸ್ಟೇರಿಂಗ್ ಮಾಡಿಕೊಂಡು ಮಿಡಿಗೇಶಿ ಗೇಟು ದಾಟಿ ಪಾವಗಡದವರೆಗೆ ಬಸ್ಸು ಬಿಡುತ್ತ. ಅವಳ ದಿಂಬು ಒಳಕೋಣೆಗೆ ಹೋಯಿತು. ತಾತನ ಹತ್ತಿರ ಸುಳಿಯಬಾರದೆಂದು ಲಾವಣ್ಯ ಕಟ್ಟುನಿಟ್ಟು ಮಾಡಿದಳು. ತಾತ ಮುತ್ತು ಕೊಡಲು ಬಗ್ಗಿದರೆ ಮಗುವೇ ಈಗ ಅಂಗೈಯಿಂದ ಮೂಗು ಮುಚ್ಚಿಕೊಳ್ಳುತ್ತಿತ್ತು. ಯೋಗೀಶ ಅದನ್ನು ಕಣ್ಣಾರೆ ಕಂಡ ಸಂಜೆ ಇದೇ ಕೊನೆ ಎಂದುಕೊಂಡ. ಹಾಗೆ ಅಂದುಕೊಂಡದ್ದು ಟ್ಯಾಂಕಿನ ಮರೆಯಲ್ಲಿ ನಿಂತು, ಸೇದುತ್ತಲೇ.

"ಸರ್," ಎಂದಳು ಪ್ರಿಯಾಂಕ. ಪೇಪರ್ ಕೆಳಗಿಳಿಯಿತು. ಹುಡುಗಿಯ ಮುಖ ಅರಳಿತು. "ನೀವಾ ಸರ್? ನಮ್ಮ ಕಾಲೇಜ್ ಡೇಗೆ ಬಂದು ಮಿಮಿಕ್ರಿ ಮಾಡಿದ್ರಲ್ಲ, ಪ್ರೈವೇಟ್ ಬಸ್ ಐಟಮ್ಮು. ನಕ್ಕು ನಕ್ಕು ಹೊಟ್ಟೆ ನೋವು ಬಂದಿತ್ತು ಸರ್. ಸ್ವಲ್ಪ ಮಾಡಿ ಸರ್."

"ಈಗೆಲ್ಲಮ್ಮ," ಎಂದ ಯೋಗೀಶ. ಆದರೆ ಹೊಗಳಿಕೆ ಬಿದ್ದ ಕೂಡಲೇ ಅವನ ನಾಲಗೆ ಯಜಮಾನನ ಮಾತು ಕೇಳುತ್ತಿರಲಿಲ್ಲ. "ಚಲೋ ಚಲೋ, ಪೀಛೆ ಸರ್ಕೋ ಭಾಯ್, ಮದ್ಗಿರ್ ಮದ್ಗಿರ್ ಮದ್ಗಿರ್," ಎಂದು ಸಿರಾದ ಕಂಡಕ್ಟರ್ ಹೊರಟ. ಮಧುಗಿರಿ ದಾಟಿದಂತೆ "ಲೇ ಬುಡ್ಲಾ ದಾರಿ, ಅಜ್ಜಿ ಹತ್ಕಳ್ಳಿ," ಆಯಿತು. ಪಾವಗಡ ಹತ್ತಿರವಾದಂತೆ "ಪದಂಡಿ ಪದಂಡಿ, ತಿರುಮಣಿ ದಿಗೇವಾಳ್ಳು ಎವರಮ್ಮಾ," ಎಂದು ತಿರುಮಣಿಯಲ್ಲಿ ಇಳಿಯುವವರನ್ನು ಕರೆಯುವ ತೆಲುಗು ಅಡರಿತು. ಬೋರಪ್ಪನೂ ನಕ್ಕ. ತಾನು ಓಡಿಸಿದ ದಾರಿಯೆಲ್ಲ ಜಗಲಿಯ ಮೇಲೆ ಹಾದುಹೋಗುತ್ತಿತ್ತು.

"ಆ ಡ್ರೈವರ್ ತಾತ ಕೆಮ್ತಾನಲ್ಲ ಸರ್, ಗೇರ್ ಹಾಕೋವಾಗ. ಅದೇ ಬೆಸ್ಟು. ಅದು ಮಾಡಿ."

ಯೋಗೀಶ ಬಾಯಿ ಮುಚ್ಚಿದ. "ಅದು ಮರೆತೋಗಿದೆ."

"ಯಾವ್ದು?" ಎಂದ ಬೋರಪ್ಪ. "ಡ್ರೈವರು ಕೆಮ್ಮೋದಾ? ಮಾಡ್ಲಾ. ನಾನೂ ಕೇಳನ."

ಅಪ್ಪನ ಮುಖದಲ್ಲಿ ಇನ್ನೂ ನಗೆಯಿತ್ತು. ಮಗ ಸುಮ್ಮನೆ ಗಂಟಲು ಕೆರೆದಂತೆ ಮಾಡಿದ. "ಅದು ಕೋಳಿ ಕೆಮ್ಮು," ಎಂದ ಬೋರಪ್ಪ, "ಡ್ರೈವರ್ದು ಮಾಡು." ಹುಡುಗಿ ಕಿಸಕ್ಕೆಂದಳು. ಕೆಟ್ಟದಾಗಿ ಮಾಡಿ ಗೊತ್ತಿಲ್ಲದ ಗಂಟಲು ಅದು. ಎರಡು ಗಿಡ್ಡ ಬಂದವು, ಅವುಗಳ ಹಿಂದೆಯೇ ಉದ್ದದ್ದು ಬಂತು, ಸೀಟಿ ಬಂತು, "ಸಿವ್ನೇ" ಕೂಡ ತಾನಾಗಿ ಬಂತು.

"ಮಾವ," ಒಳಕೋಣೆಯಿಂದ ಲಾವಣ್ಯಳ ದನಿ ಕೇಳಿತು, "ಕೆಮ್ಮೋದಿದ್ರೆ ಬೀದಿಗೆ ಹೋಗಿ ಕೆಮ್ಮಿ. ಮಗು ಈಗ ತಾನೇ ಕಣ್ಣು ಮುಚ್ಚಿದೆ."

ಪ್ರಿಯಾಂಕ ನಗು ತಡೆಯಲು ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೋರಪ್ಪ ನಗಲಿಲ್ಲ. ಮಗನ ಬಾಯಿಯನ್ನೇ ನೋಡಿದ. ಅಲ್ಲಿಂದ ಅವನ ಕಣ್ಣು ನಿಧಾನವಾಗಿ ಹೊರಗಿನ ಮೆಟ್ಟಿಲಿಗೆ ಹೋಯಿತು, ಮೆಟ್ಟಿಲು ಹತ್ತಿ ಮಹಡಿಗೆ ಹೋಯಿತು, ಟ್ಯಾಂಕಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಮತ್ತೆ ಜಗಲಿಗೆ ಇಳಿದು ಬಂತು.

"ಆಯ್ತು ಕಣವ್ವ," ಎಂದು ಒಳಗಿನವಳಿಗೆ ಕೂಗಿ ಹೇಳಿದ.

ಹುಡುಗಿಗೆ ಇನ್ನೂ ಬೇರೆ ಮನೆಗಳಿದ್ದವು. "ಸರ್, ನಿಮ್ಮದೊಂದು ಬರ್ಕೊಂಬಿಡ್ತೀನಿ. ನೀವು ಸೇದ್ತೀರಾ?"

"ಇಲ್ಲ," ಎಂದ ಯೋಗೀಶ.

"ಯಾವತ್ತಾದ್ರೂ? ಚಿಕ್ಕೋರಿದ್ದಾಗ?"

"ಇಲ್ಲಮ್ಮ."

ಬೋರಪ್ಪ ಬಗ್ಗಿ, ಹೆಂಡತಿ ಬಿಟ್ಟುಹೋದ ಅವರೆಕಾಯಿ ಸಿಪ್ಪೆಯನ್ನು ಒಂದೊಂದಾಗಿ ಹೆಕ್ಕತೊಡಗಿದ.

ಆ ಸಂಜೆ ಮಗುವಿನ ಎದೆ ಮತ್ತೆ ಗೊರಗುಟ್ಟಿತು. ಮೂಗಿಗೆ ಔಷಧಿಯ ಮಾಸ್ಕು ಹಿಡಿದು ಲಾವಣ್ಯ ಮಗುವಿನ ಬೆನ್ನು ನೀವುತ್ತಿದ್ದಳು. ಮಾಸ್ಕಿನ ಮೆಷಿನ್ನು ನಿಂತ ಮೇಲೆ ಕೆಂಪಕ್ಕ ದೇವರ ಗೂಡಿನಿಂದ ಅರಿಶಿನದಲ್ಲಿ ಅದ್ದಿದ ಬಟ್ಟೆಯ ತುಂಡನ್ನೂ ಅದರಲ್ಲಿ ಕಟ್ಟಲು ಒಂದು ನಾಣ್ಯವನ್ನೂ ತಂದು ಗಂಡನ ತಟ್ಟೆಯ ಪಕ್ಕ ಇಟ್ಟಳು.

"ನಾಳೆ ಸೋಮವಾರ. ಬೆಟ್ಟಕ್ಕೆ ಹೋಗನ. ತಪ್ಪುಕಾಣಿಕೆ ಕಟ್ಟಿ ಹಾಕ್ಬುಡು. ಆಣೆ ಮಾಡಿ ಮುರ್ದೆ, ತಪ್ಪಾಯ್ತು, ಮಗೀಗ್ ತಟ್ಟುಸ್ಬ್ಯಾಡ ಅಂತ ನಿನ್ ಬಾಯಲ್ಲೇ ಯೋಳು."

ಹಿಂದೆ ಈ ಮಾತು ಬಂದಾಗೆಲ್ಲ ಬೋರಪ್ಪ ತಟ್ಟೆ ಬಿಟ್ಟು ಏಳುತ್ತಿದ್ದ. ಬೀಡಿ ಸೇದೋನು ಅನ್ನಿ, ಸುಳ್ಳ ಅನ್ನಿ. ಮಾಡದ ತಪ್ಪನ್ನು ದೇವರ ಮುಂದೆ ಮಾಡಿದೆ ಅಂತ ಮಾತ್ರ ನನ್ನ ಕೈಲಿ ಹೇಳಿಸಬೇಡಿ ಎನ್ನುತ್ತಿದ್ದ. ಯೋಗೀಶ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕಾದ. ಅಪ್ಪ ಈಗ ಹೇಳುತ್ತಾನೆ. ಹೇಳಿದರೆ ಮುಗಿಯಿತು, ಹೇಳಿದರೆ ಒಳ್ಳೆಯದೇ ಆಯಿತು ಎಂದೂ ಅನ್ನಿಸಿತು. ತಾನು ಬಾಯಿ ಬಿಡಬೇಕಾದ ಕೆಲಸವೊಂದು ತಪ್ಪುತ್ತಿತ್ತು.

"ಕಟ್ಟನ ಬುಡು," ಎಂದ ಬೋರಪ್ಪ.

ಕೆಂಪಕ್ಕನೇ ಅವಾಕ್ಕಾದಳು. "ಅಂಗಾರೆ ಒಪ್ಕಂಡೆ?"

"ಒಪ್ಕಂಡೆ. ಮಗೀನ ನನ್ ಪಕ್ಕ ಮಲಗುಸ್ತೀರಾ ಆಮ್ಯಾಕೆ?"

"ನೋಡೋಣ ಮಾವ," ಎಂದಳು ಲಾವಣ್ಯ. ಅವಳ ದನಿ ಎಷ್ಟೋ ದಿನದ ಮೇಲೆ ಮೆತ್ತಗಾಗಿತ್ತು. ಯೋಗೀಶ ಮುರಿದ ಮುದ್ದೆಯನ್ನು ತಟ್ಟೆಗೇ ಬಿಟ್ಟ. ನೀರು ಕುಡಿದ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರು ಹೂವು ಕೊಳ್ಳುತ್ತಿದ್ದಾಗ, ಕಾಲೇಜಿಗೆ ರಜೆ ಹಾಕಿ ಬಂದಿದ್ದ ಯೋಗೀಶ ಅಪ್ಪನ ಪಕ್ಕ ಹೋಗಿ ನಿಂತ. "ಅಪ್ಪಾ, ನೀನ್ಯಾಕೆ ಕಟ್ಟಬೇಕು?"

ಬೋರಪ್ಪ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದ. "ಒಲೆ ತಾವ್ಕೆ ಕಳಿಸ್ತಿದ್ದೋನು ನಾನೇ ಅಲ್ವೇನ್ಲಾ," ಎಂದ.

ಯೋಗೀಶನಿಗೆ ಅರ್ಥವಾಗಲು ಬಸ್ಸು ಬಂದು ನಿಲ್ಲುವಷ್ಟು ಹೊತ್ತು ಹಿಡಿಯಿತು. ಹಳೆಯ ಮನೆ, ಸೌದೆ ಒಲೆ. ಡ್ಯೂಟಿ ಮುಗಿಸಿ ಬಂದ ಅಪ್ಪ ಕಾಲು ಚಾಚಿ, "ಮಗಾ, ಹತ್ತುಸ್ಕಂಡ್ ಬಾ," ಎಂದು ಬೀಡಿ ಕೊಡುತ್ತಿದ್ದ. ಕೆಂಡಕ್ಕೆ ಒತ್ತಿ ತಂದರೆ ಬಾಗಿಲು ದಾಟುವಷ್ಟರಲ್ಲಿ ಆರಿಹೋಗುತ್ತಿತ್ತು. ಆರದಂತೆ ತರಬೇಕಾದರೆ ಒಂದು ದಮ್ಮು ಎಳೆಯಬೇಕು. ಎಳೆದು, ಅಪ್ಪನ ಹಾಗೆ ಕೆಮ್ಮಿ, ಅವ್ವನನ್ನು ನಗಿಸಿದ ಮೇಲೆ ಬೀಡಿ ಅಪ್ಪನ ಕೈ ಸೇರುತ್ತಿತ್ತು.

"ಹತ್ತು, ಸೀಟು ಹಿಡಿ," ಎಂದ ಬೋರಪ್ಪ.

ಕೊರಟಗೆರೆಯಲ್ಲಿ ಇಳಿದು ಆಟೋ ಹಿಡಿದು ಸಿದ್ದರಬೆಟ್ಟದ ಬುಡಕ್ಕೆ ಬಂದರು. ಮಂಡಿನೋವಿನ ಕೆಂಪಕ್ಕ ಹಣ್ಣುಕಾಯಿ ಅಂಗಡಿಯ ಬೆಂಚಿನ ಮೇಲೆ ಕೂತು ಅಲ್ಲಿಂದಲೇ ಕೈಮುಗಿದಳು. ಕಾಣಿಕೆಯ ಗಂಟನ್ನು ಗಂಡನ ಅಂಗೈಗಿಟ್ಟು ಬೆರಳು ಮಡಿಸಿದಳು. "ದಾರೀಲಿ ಸೇದ್ಗೀದೀಯ," ಎಂದು ಎಚ್ಚರಿಸುವುದನ್ನು ಮರೆಯಲಿಲ್ಲ.

ಬಿಸಿಲು ಹಿತವಾಗಿತ್ತು. ಭುವನಾಳ ಎದೆಯೂ ಅಂದು ತಿಳಿಯಾಗಿತ್ತು. ಒಂದಷ್ಟು ದೂರ ಅಮ್ಮನ ಕೈ ಹಿಡಿದೇ ಹತ್ತಿದವಳು, ಬಂಡೆಯ ಮೇಲೆ ಕೋತಿಮರಿ ಕಂಡದ್ದೇ ಕೈ ಬಿಡಿಸಿಕೊಂಡು ಮುಂದೆ ಓಡಿದಳು. ಮುಂದಿದ್ದವನು ತಾತ. "ಭುವೀ, ಬಾ ಈ ಕಡೆ," ಎಂದು ಲಾವಣ್ಯ ಕೂಗಿದಳು, ಆದರೆ ಅವಳಿಗೇ ಸುಸ್ತಾಗಿ ಒಂದು ಮೆಟ್ಟಿಲ ಮೇಲೆ ಕೂತಳು. "ರೀ, ಹೋಗಿ ಹಿಡ್ಕೊಳ್ಳಿ ಅವಳನ್ನ. ಮಾವನ ಹತ್ರ ಬಿಡಬೇಡಿ."

ಯೋಗೀಶ ಬಿರಬಿರನೆ ಹತ್ತಿದ. ಬೋರಪ್ಪ ಹತ್ತುತ್ತಿದ್ದದ್ದನ್ನು ಅವನು ಆಗ ನೋಡಿದ. ಪಂಚೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಗಂಟು ಹಿಡಿದು, ಇನ್ನೊಂದು ಕೈಯ ಬೆರಳನ್ನು ಮೊಮ್ಮಗಳಿಗೆ ಕೊಟ್ಟು, ನಿಲ್ಲದೆ ಒಂದೇ ಗೇರಿನಲ್ಲಿ ಏರುತ್ತಿದ್ದ. "ಪೊಂ ಪೊಂ, ಸೈಡ್ ಕೊಡ್ರಪ್ಪಾ," ಎನ್ನುತ್ತಿತ್ತು ಮಗು. ಬಂಡೆಯ ತಿರುವು ದಾಟಿ ಅವರು ಮರೆಯಾದರು. ಯೋಗೀಶನ ಎದೆಯಲ್ಲಿ ಯಾರೋ ಹಳೆಯ ಸೈಕಲ್ ಪಂಪು ಒತ್ತುತ್ತಿದ್ದಂತಾಯಿತು. ತಿರುವು ದಾಟುತ್ತಲೇ ಬಂಡೆಗೆ ಕೈಕೊಟ್ಟು ನಿಂತ. ಕೆಮ್ಮು ಬಂತು.

ಎರಡು ಗಿಡ್ಡ. ಒಂದು ಉದ್ದ. ಉದ್ದದ ಬಾಲದಲ್ಲಿ ಸೀಟಿ. ಅವನು ಮಾಡಿದ್ದಲ್ಲ. ನಿಲ್ಲಿಸಲು ನೋಡಿದ, ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು. ಕಡೆಗೆ ಉಸಿರು ಹೊರಗೆ ಬರುವಾಗ "ಸಿವ್ನೇ" ಎಂದೇ ಬಂತು.

"ಮಾವ," ಕೆಳಗಿನಿಂದ ಲಾವಣ್ಯ ಕೂಗಿದಳು, "ಇಲ್ಲಿಗೆ ಬಂದೂ ಸೇದಿದ್ರಾ? ಮಗೂನ ಬಿಟ್ಟು ದೂರ ನಿಲ್ಲಿ ನೀವು." ಅವಳು ಎದ್ದು ಹತ್ತತೊಡಗಿದ್ದು ಚಪ್ಪಲಿಯ ಸದ್ದಿನಿಂದ ತಿಳಿಯಿತು.

ನಾಲ್ಕು ಮೆಟ್ಟಿಲು ಮೇಲೆ ನಿಂತಿದ್ದ ಬೋರಪ್ಪ ಮಗನನ್ನು ನೋಡಿದ. ಮಗುವಿನ ಕೈ ಬಿಡಿಸಿಕೊಂಡ. ಗಂಟಿದ್ದ ಮುಷ್ಟಿಯನ್ನು ಬಾಯಿಗೆ ಹಿಡಿದು ಕೆಮ್ಮಲು ನೋಡಿದ. ಖಾಲಿ ಕೊಡಕ್ಕೆ ಬಡಿದಂತೆ ಒಂದು ಸದ್ದು ಬಂತು, ಅಷ್ಟೆ. ಇನ್ನೊಮ್ಮೆ ಪ್ರಯತ್ನಿಸಿದ. ಎದೆಯಲ್ಲಿ ಏನೂ ಇರಲಿಲ್ಲ.

"ತಾತ, ನಿಂಗೆ ಬರಲ್ಲ," ಎಂದಳು ಭುವನಾ. "ಅಪ್ಪಂಗೇ ಚೆನ್ನಾಗಿ ಬರೋದು."

ಲಾವಣ್ಯ ತಿರುವಿನಲ್ಲಿ ಬಂದು ನಿಂತಳು. ಮೇಲೆ ಮುಷ್ಟಿ ಹಿಡಿದು ನಿಂತ ಮಾವನನ್ನು ನೋಡಿದಳು, ಅವನು ಏದುತ್ತಿರಲಿಲ್ಲ. ಬಂಡೆಗೊರಗಿ ಬಾಗಿದ್ದ ಗಂಡನನ್ನು ನೋಡಿದಳು.

"ಯಾರು ಕೆಮ್ಮಿದ್ದು?" ಎಂದಳು.

ಮಹಡಿಯ ಮೆಟ್ಟಿಲಲ್ಲಿ ನಿಂತು ಕೇಳಿದ ಹಾಗೇ ಇತ್ತು ದನಿ. ಯೋಗೀಶ ಬಾಯಿ ಒರೆಸಿಕೊಂಡ. ಅವನ ಗಂಟಲಲ್ಲಿ ಎಷ್ಟೋ ಜನರ ದನಿಗಳಿದ್ದವು. ತನ್ನದನ್ನು ಹುಡುಕಿ ತೆಗೆಯಲು ತಡವಾಯಿತು.

"ನಾನು," ಎಂದ. "ಮಹಡಿ ಮೇಲೂ ನಾನೇ."

ಲಾವಣ್ಯಳ ಕಣ್ಣು ಗಂಡನ ಮೇಲಿಂದ ಮಾವನ ಮೇಲೆ ಹೋಯಿತು, ಅಲ್ಲಿ ನಿಲ್ಲಲಾಗದೆ ಕಲ್ಲುಮೆಟ್ಟಿಲಿಗೆ ಇಳಿಯಿತು. ಯೋಗೀಶ ಮೇಲೆ ಹತ್ತಿ ಅಪ್ಪನ ಮುಂದೆ ಕೈಚಾಚಿದ. ಬೋರಪ್ಪ ಮುಷ್ಟಿ ಬಿಚ್ಚಲಿಲ್ಲ. ಬೆರಳುಗಳನ್ನು ಮಗನೇ ಒಂದೊಂದಾಗಿ ಬಿಡಿಸಿ ತೆಗೆದುಕೊಳ್ಳಬೇಕಾಯಿತು. ಬೆವರಿಗೆ ಬಟ್ಟೆ ಒದ್ದೆಯಾಗಿ ಅಪ್ಪನ ಅಂಗೈಯೆಲ್ಲ ಹಳದಿಯಾಗಿತ್ತು.

"ಬುಚ್ಚೋಗೈತೆ," ಎಂದ ಬೋರಪ್ಪ. "ಸರ್ಯಾಗ್ ಕಟ್ಕೊ."

"ತಾತ, ಬಸ್ಸು ಬಿಡು," ಎಂದಳು ಭುವನಾ. ಬೋರಪ್ಪ ಸೊಸೆಯ ಕಡೆ ನೋಡಿದ. ಲಾವಣ್ಯ ಮಗುವನ್ನು ಕರೆಯಲಿಲ್ಲ. ಸೆರಗಿನ ತುದಿಯಿಂದ ಮಾವನ ಕೈಯ ಅರಿಶಿನ ಒರೆಸಿ, ಮಗಳ ಬೆರಳುಗಳನ್ನು ಅದರೊಳಗೆ ಇಟ್ಟಳು. ಇಬ್ಬರೂ ಹತ್ತಿಹೋದರು. ಅವರ ಹಿಂದೆ, ಗಂಡನನ್ನು ದಾಟಿಕೊಂಡು, ಅವಳೂ ಹೋದಳು.

ಯೋಗೀಶ ಮೆಟ್ಟಿಲ ಮೇಲೆ ಕೂತ. ಒದ್ದೆ ಬಟ್ಟೆಯ ಗಂಟು ಒಂದೇ ಸಲಕ್ಕೆ ಬಿಗಿಯಾಗಲಿಲ್ಲ. ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ತುಟಿಗೆ ಅರಿಶಿನ ಹತ್ತಿತು. ಮೇಲಿನ ತಿರುವಿನಲ್ಲಿ ಬಸ್ಸು ಹಾರ್ನ್ ಮಾಡುತ್ತ ಪಾವಗಡದ ಕಡೆ ಹೋಗುತ್ತಿತ್ತು.